ಧಾಟಿ ಬದಲಿಸುವ ಎಐ: ಪತ್ರ ನಯವಾಗುತ್ತದೆ, ದೂರು ಎಲ್ಲಿ ಹೋಗುತ್ತದೆ?

2026ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳಿಗೆ ತಿದ್ದುಪಡಿ ತಂದಿತು. ಎಐ ಬಳಸಿ ತಯಾರಿಸಿದ್ದಕ್ಕೆ ಹಾಗೆಂದು ಗುರುತು ಹಾಕಬೇಕು ಎಂಬ ಸುದ್ದಿ ಎಲ್ಲ ಕಡೆ ಬಂತು. ಅದು ಡೀಪ್‌ಫೇಕ್, ಅಂದರೆ ಎಐ ಬಳಸಿ ಮಾಡಿದ ನಕಲಿ ವಿಡಿಯೊಗಳ ವಿಷಯ ಎಂದು ಸುಮ್ಮನಾಗಬಹುದಿತ್ತು. ಆದರೆ ದಿನವೂ ಏನಾದರೊಂದು ಬರೆಯಬೇಕಾದವರಿಗೆ ಇಲ್ಲೊಂದು ಗೊಂದಲ ಇದೆ. ಸಂಘದ ಕಾರ್ಯದರ್ಶಿ ವಾರ್ಷಿಕೋತ್ಸವದ ವರದಿಯನ್ನು ತಾವೇ ಬರೆಯುತ್ತಾರೆ ಎಂದುಕೊಳ್ಳಿ. ಆಮೇಲೆ ಅದನ್ನು ಚಾಟ್‌ಜಿಪಿಟಿಗೆ ಹಾಕಿ ‘ಇದನ್ನು ಸ್ವಲ್ಪ ಗೌರವದ ಧಾಟಿಯಲ್ಲಿ ಬರೆದುಕೊಡು’ ಎನ್ನುತ್ತಾರೆ. ಈಗ ಅದು ಯಾರು ಬರೆದದ್ದು? ಪತ್ರಿಕೆಗೆ ಕಳಿಸುವಾಗ ಹೇಳಬೇಕಾ? ತಪ್ಪು ನುಸುಳಿದ್ದರೆ ಹೊಣೆ ಯಾರದು?

ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಒಂದೇ ವಾರದಲ್ಲಿ ಸಂಘಕ್ಕೆ ಕನ್ನಡ, ಪಾಲಿಕೆಯ ವಾರ್ಡ್ ಆಫೀಸಿಗೆ ಮರಾಠಿ, ಕೆಲಸದ ಕಡೆ ಇಂಗ್ಲಿಷ್ ಬರೆಯಬೇಕಾಗುವವರು ಇವರು. ಧಾಟಿ ಬದಲಿಸಿ ಕೊಡುವ ಸಾಧನ ಇವರಿಗೆ ಬೇಕೇ ಬೇಕು. ಅದಕ್ಕೇ ಅದು ಏನು ಮಾಡುತ್ತದೆ ಎಂಬುದೂ ಇವರಿಗೆ ಗೊತ್ತಿರಬೇಕು. ಧಾಟಿ ಬದಲಾದಾಗ ಎಷ್ಟೋ ಸಲ ಹೇಳಿದ ವಿಷಯವೇ ಬದಲಾಗಿರುತ್ತದೆ. ಕನ್ನಡದಲ್ಲಂತೂ ಅದು ಕಣ್ಣಿಗೆ ಬೀಳದಂತೆ ಬದಲಾಗುತ್ತದೆ.

ನಿಯಮ ಹೇಳುವುದು ಎಷ್ಟು

ಮೊದಲು ಕಾನೂನಿನ ಮಾತು ಮುಗಿಸೋಣ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಕರಡು ಹೊರಡಿಸಿದಾಗ ವ್ಯಾಖ್ಯೆ ತುಂಬ ಅಗಲವಾಗಿತ್ತು. ಕಂಪ್ಯೂಟರ್ ಬಳಸಿ ಕೃತಕವಾಗಿ ಸೃಷ್ಟಿಸಿದ, ಬದಲಿಸಿದ ‘ಮಾಹಿತಿ’ ಎಂದಷ್ಟೇ ಇತ್ತು. ಬರಹವೂ ಅದರಲ್ಲಿ ಬರಬಹುದು ಎಂಬ ಆತಂಕಕ್ಕೆ ಅದೇ ಕಾರಣ. ಚಿತ್ರದ ಶೇ. 10ರಷ್ಟು ಜಾಗವನ್ನು ಗುರುತು ಆವರಿಸಬೇಕು ಎಂಬ ಷರತ್ತೂ ಕರಡಿನಲ್ಲಿತ್ತು.

ಅಂತಿಮ ನಿಯಮದಲ್ಲಿ ಈ ಎರಡೂ ಉಳಿಯಲಿಲ್ಲ. ಶೇ. 10ರ ಷರತ್ತು ಹೋಯಿತು. ವ್ಯಾಖ್ಯೆ ಧ್ವನಿ ಮತ್ತು ದೃಶ್ಯಗಳಿಗೆ ಸೀಮಿತವಾಯಿತು. ಒಳ್ಳೆಯ ಉದ್ದೇಶದಿಂದ ಮಾಡುವ ಮಾಮೂಲಿ ತಿದ್ದುಪಡಿ, ಅನುವಾದ, ದಾಖಲೆ ತಯಾರಿಗೆ ವಿನಾಯಿತಿ ಸಿಕ್ಕಿತು. ಅಂದರೆ ವರದಿಯ ಧಾಟಿ ಸರಿಮಾಡಿಸಿದ ಮಾತ್ರಕ್ಕೆ ಈ ನಿಯಮದ ಪ್ರಕಾರ ಯಾರೂ ಗುರುತು ಹಾಕಬೇಕಿಲ್ಲ.

ಹಾಗಂತ ಹೊಣೆ ತಪ್ಪುವುದಿಲ್ಲ. ಗುರುತು ಬೇರೆ, ಹೊಣೆ ಬೇರೆ. 2025ರ ಅಕ್ಟೋಬರ್‌ನಲ್ಲೇ ಬಾಂಬೆ ಹೈಕೋರ್ಟಿನ ಮುಂದೆ ಒಂದು ಆದಾಯ ತೆರಿಗೆ ಪ್ರಕರಣ ಬಂತು. ತೆರಿಗೆ ಅಧಿಕಾರಿಯ ಆದೇಶದಲ್ಲಿ ಉಲ್ಲೇಖಿಸಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ. ಕೋರ್ಟ್ ಆದೇಶವನ್ನು ರದ್ದು ಮಾಡಿತು. ಎಐ ಕಾಲದಲ್ಲಿ ಯಂತ್ರ ಕೊಟ್ಟದ್ದನ್ನು ಪರಿಶೀಲಿಸದೆ ಬಳಸಬಾರದು ಎಂದು ಎಚ್ಚರಿಸಿತು. ಅದು ಧಾಟಿಯ ವಿಷಯ ಅಲ್ಲ, ನಿಜ. ಆದರೆ ತತ್ವ ಅದೇ. ಕಾಗದದ ಕೆಳಗೆ ಯಾರ ಸಹಿ ಇದೆಯೋ ಅವರದೇ ಮಾತು.

ಇದು ಬಂದದ್ದು ಹೇಗೆ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಮರುವರ್ಷ ಜಿಮೇಲ್‌ನಲ್ಲಿ ಪತ್ರವನ್ನು ಔಪಚಾರಿಕ ಮಾಡುವ, ಹಿಗ್ಗಿಸುವ, ಕುಗ್ಗಿಸುವ ಗುಂಡಿಗಳು ಕಾಣಿಸಿದವು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಫೋನಿನ ಕೀಬೋರ್ಡಿಗೇ ಈ ಸೌಲಭ್ಯ ತಂದಿತು. ಅದೇ ಅಕ್ಟೋಬರ್‌ನಲ್ಲಿ ಆಪಲ್ ಐಫೋನಿನಲ್ಲಿ ‘ಸ್ನೇಹದ ಧಾಟಿ’, ‘ವೃತ್ತಿಪರ ಧಾಟಿ’, ‘ಚುಟುಕು’ ಎಂಬಂಥ ಆಯ್ಕೆಗಳನ್ನು ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ವಾಟ್ಸಾಪ್ ಕೂಡ ಇಂಥದ್ದೊಂದನ್ನು ಶುರು ಮಾಡಿತು, ಮೊದಲು ಇಂಗ್ಲಿಷ್‌ನಲ್ಲಿ.

ಇವೆಲ್ಲ ಇಂಗ್ಲಿಷ್‌ನಲ್ಲಿ ಹುಟ್ಟಿದವು. 2024ರ ಜೂನ್‌ನಲ್ಲಿ ಗೂಗಲ್ ತನ್ನ ಜೆಮಿನಿ ಆ್ಯಪ್ ಅನ್ನು ಭಾರತದ 9 ಭಾಷೆಗಳಲ್ಲಿ ತಂದಾಗ ಅದರಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಅಲ್ಲಿಂದ ಮುಂದೆ ಕನ್ನಡ ಪತ್ರವನ್ನು ಎಐಗೆ ಕೊಟ್ಟು ತಿದ್ದಿಸುವುದು ಸಾಮಾನ್ಯ ಫೋನ್ ಇರುವವರಿಗೂ ಸುಲಭವಾಯಿತು.

ಯಂತ್ರ ಧಾಟಿ ಬದಲಿಸುವ ಬಗೆ

ನಾವು ಅಂದುಕೊಳ್ಳುವುದು ಹೀಗೆ: ವಿಷಯ ಇದ್ದಲ್ಲೇ ಇರುತ್ತದೆ, ಯಂತ್ರ ಮೇಲಿನ ಪದಗಳನ್ನಷ್ಟೇ ಬದಲಿಸುತ್ತದೆ. ಅದು ಹಾಗೆ ಕೆಲಸ ಮಾಡುವುದಿಲ್ಲ.

ಚಾಟ್‌ಜಿಪಿಟಿಯಂಥವುಗಳ ಒಳಗಿರುವ ಯಂತ್ರಕ್ಕೆ ಭಾಷಾ ಮಾದರಿ ಎನ್ನುತ್ತಾರೆ. ಅದು ಪತ್ರವನ್ನು ಓದಿಕೊಂಡು ಹೊಸ ಪತ್ರವನ್ನು ಮೊದಲಿನಿಂದ ಬರೆಯುತ್ತದೆ. ಒಂದು ತುಣುಕಾದ ಮೇಲೆ ಮುಂದಿನ ತುಣುಕು ಯಾವುದು ಬರಬಹುದು ಎಂದು ಲೆಕ್ಕ ಹಾಕುತ್ತ ಹೋಗುತ್ತದೆ. ಹೊಸ ಪತ್ರ ಹಳೆಯದಕ್ಕೆ ಹತ್ತಿರ ಇರಬೇಕು ಎಂಬ ಒತ್ತಡ ಇರುತ್ತದೆ. ‘ಔಪಚಾರಿಕ ಪತ್ರ’ ಎಂದು ತಾನು ಕಲಿತದ್ದಕ್ಕೂ ಹತ್ತಿರ ಇರಬೇಕು ಎಂಬ ಒತ್ತಡವೂ ಇರುತ್ತದೆ. ಎರಡೂ ಎಳೆದಾಡಿದ ಕಡೆ ಎಷ್ಟೋ ಸಲ ಎರಡನೆಯದೇ ಗೆಲ್ಲುತ್ತದೆ. ಔಪಚಾರಿಕ ಪತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲದ ಖಾರ, ಇಲ್ಲದ ಬೆದರಿಕೆ, ಇಲ್ಲದ ಅಂದಾಜಿನ ಮಾತು ಹೊಸ ಪತ್ರದಿಂದ ಜಾರಿಹೋಗುತ್ತವೆ.

ಹಾಗಾದರೆ ಔಪಚಾರಿಕ ಎಂದರೆ ಏನು ಎಂದು ಅದು ಕಲಿತದ್ದು ಎಲ್ಲಿಂದ? ಇಂಗ್ಲಿಷ್‌ನಲ್ಲಿ ಇದಕ್ಕೆಂದೇ ಕೂಡಿಸಿದ ಸಂಗ್ರಹಗಳಿವೆ. 2018ರಲ್ಲಿ ಯಾಹೂವಿನ ಪ್ರಶ್ನೋತ್ತರಗಳಿಂದ ಆಯ್ದ ವಾಕ್ಯಗಳನ್ನು ಜನರಿಂದಲೇ ಬೇರೆ ಧಾಟಿಯಲ್ಲಿ ಬರೆಸಿ, ಸುಮಾರು 1 ಲಕ್ಷ 10 ಸಾವಿರ ಜೋಡಿ ವಾಕ್ಯಗಳನ್ನು ಕೂಡಿಸಿದ್ದರು. ಕನ್ನಡದಲ್ಲಿ ಯಂತ್ರಕ್ಕೆ ದೊಡ್ಡ ಪ್ರಮಾಣದಲ್ಲಿ ಸಿಗುವುದು ಸುದ್ದಿ ಬರಹ, ಸರ್ಕಾರಿ ಪ್ರಕಟಣೆ, ವಿಕಿಪೀಡಿಯ, ಇಂಗ್ಲಿಷ್‌ನಿಂದ ಆದ ಅನುವಾದ. ವಿಕಿಪೀಡಿಯವನ್ನೇ ನೋಡಿ. ಇಂಗ್ಲಿಷ್‌ನಲ್ಲಿ 70 ಲಕ್ಷ ಲೇಖನ, ಕನ್ನಡದಲ್ಲಿ 30 ಸಾವಿರ ಚಿಲ್ಲರೆ. ಹೀಗಾಗಿ ‘ಗೌರವದಿಂದ ಬರೆ’ ಎಂದರೆ ಅದು ಕಚೇರಿಯ ಸುತ್ತೋಲೆಯ ಕನ್ನಡದ ಕಡೆಗೇ ವಾಲುತ್ತದೆ. ಊರಿನ ಹಿರಿಯರೊಬ್ಬರಿಗೆ ನಾವು ಗೌರವದಿಂದ ಬರೆಯುವ ಕಾಗದ ಹೇಗಿರುತ್ತದೆ ಎಂಬುದು ಅದಕ್ಕೆ ಅಷ್ಟಾಗಿ ಸಿಕ್ಕಿಯೇ ಇಲ್ಲ.

ಒಂದು ಪತ್ರ, ಎರಡು ಧಾಟಿ

ಇದನ್ನು ಒಂದು ಕಲ್ಪಿತ ಪತ್ರದಲ್ಲಿ ನೋಡೋಣ. ಡೊಂಬಿವಲಿಯಲ್ಲಿರುವ ಸದಸ್ಯರೊಬ್ಬರು ತಮ್ಮ ಸಂಘದ ಅಧ್ಯಕ್ಷರಿಗೆ ಬರೆಯುತ್ತಿದ್ದಾರೆ ಎಂದುಕೊಳ್ಳಿ.

‘ಹಾಲ್ ರಿಪೇರಿಗೆ ಅಂತ ಕಾಂಟ್ರಾಕ್ಟರ್ ಜೂನ್‌ನಲ್ಲೇ 50 ಸಾವಿರ ಅಡ್ವಾನ್ಸ್ ತಗೊಂಡ. ಆಮೇಲೆ ಮುಖ ತೋರಿಸಿಲ್ಲ. ಬೇರೆ ಎರಡು ಕಡೆಯೂ ಹೀಗೇ ಮಾಡಿದ್ದಾನಂತೆ. ಆಗಸ್ಟ್ 15ರೊಳಗೆ ಕೆಲಸ ಶುರು ಆಗದಿದ್ದರೆ ದುಡ್ಡು ವಾಪಸ್ ತಗೊಳ್ಳಿ. ಇಲ್ಲಾಂದ್ರೆ ನಾನು ವಿಷಯವನ್ನು ಮಹಾಸಭೆಗೆ ತರುತ್ತೇನೆ.’

ಇದನ್ನು ಔಪಚಾರಿಕ ಮಾಡಿಸಿದರೆ ಸಿಗಬಹುದಾದ ಪತ್ರ ಇಂಥದ್ದು:

‘ಮಾನ್ಯರೇ, ಸಭಾಗೃಹದ ದುರಸ್ತಿ ಕಾಮಗಾರಿಗೆ ಸಂಬಂಧಿಸಿದಂತೆ ಗುತ್ತಿಗೆದಾರರಿಗೆ ಮುಂಗಡ ಹಣ ಪಾವತಿಸಲಾಗಿದ್ದು, ಕಾಮಗಾರಿ ಇನ್ನೂ ಆರಂಭಗೊಂಡಿರುವುದಿಲ್ಲ. ಸದರಿ ಗುತ್ತಿಗೆದಾರರು ಇತರೆಡೆಯೂ ಇದೇ ರೀತಿ ವರ್ತಿಸಿರುತ್ತಾರೆ. ಆದ್ದರಿಂದ ತಾವು ಶೀಘ್ರವಾಗಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಮ್ರವಾಗಿ ಕೋರುತ್ತೇನೆ.’

ಓದಲು ಚೆನ್ನಾಗಿದೆ, ಅಲ್ವಾ? ವ್ಯಾಕರಣದ ತಪ್ಪಿಲ್ಲ. ಆದರೆ ಜೂನ್ ಹೋಯಿತು, 50 ಸಾವಿರ ಹೋಯಿತು, ಆಗಸ್ಟ್ 15 ಹೋಯಿತು. ‘ಶೀಘ್ರವಾಗಿ’ ಎಂಬುದಕ್ಕೆ ಕೊನೆಯ ದಿನ ಇಲ್ಲ. ಮಹಾಸಭೆಗೆ ತರುವ ಮಾತೇ ಇಲ್ಲ. ಅಧ್ಯಕ್ಷರು ಈ ಪತ್ರವನ್ನು ಫೈಲಿಗೆ ಸೇರಿಸಿ ಸುಮ್ಮನಿದ್ದರೆ ಕೇಳುವಂತಿಲ್ಲ, ಯಾಕೆಂದರೆ ಪತ್ರ ಅವರಿಂದ ನಿರ್ದಿಷ್ಟವಾಗಿ ಏನನ್ನೂ ಕೇಳಿಲ್ಲ.

ಅಂಕಿ, ತಾರೀಕು ಬಿಟ್ಟುಹೋದದ್ದನ್ನು ಎಚ್ಚರದಿಂದ ಓದಿದವರು ಹಿಡಿದಾರು. ಈಗಿನ ಒಳ್ಳೆಯ ಮಾದರಿಗಳು ಅವನ್ನು ಬಹುತೇಕ ಉಳಿಸಿಕೊಳ್ಳುತ್ತವೆ ಕೂಡ. ಹಿಡಿಯಲು ಕಷ್ಟವಾದ ಮೂರು ಬದಲಾವಣೆ ಇನ್ನೂ ಇವೆ. ಮೂರೂ ಕನ್ನಡ ಪದಗಳ ಕೊನೆಯ ಪ್ರತ್ಯಯಗಳಲ್ಲಿ ಅಡಗಿವೆ.

‘ಮಾಡಿದ್ದಾನಂತೆ’ ಎಂಬುದು ‘ವರ್ತಿಸಿರುತ್ತಾರೆ’ ಆಯಿತು. ‘ಅಂತೆ’ ಎಂದಾಗ ಬರೆದವರು ತಾವು ಕೇಳಿದ್ದನ್ನು ಹೇಳುತ್ತಿದ್ದರು, ನೋಡಿದ್ದನ್ನಲ್ಲ. ಹೊಸ ಪತ್ರದಲ್ಲಿ ಅದು ನೇರ ಆರೋಪ. ಹೆಸರು ಸಮೇತ ಇಂಥ ಮಾತು ಸಂಘದ ವಾಟ್ಸಾಪ್ ಗುಂಪಿಗೆ ಹೋದರೆ, ಮಾನಹಾನಿಯ ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅದಕ್ಕೇ ಇರುವುದು. ಗಾಳಿಮಾತನ್ನು ಬರೆಯುವುದೇ ಸರಿಯಲ್ಲ ಎನ್ನಬಹುದು, ಒಪ್ಪೋಣ. ಆದರೆ ಬರೆದವರು ಕನಿಷ್ಠ ಅದು ಗಾಳಿಮಾತು ಎಂದು ಹೇಳಿದ್ದರು. ಆ ಪ್ರಾಮಾಣಿಕತೆಯನ್ನು ಯಂತ್ರ ಆಡುಮಾತಿನ ಬಾಲ ಎಂದುಕೊಂಡು ಕತ್ತರಿಸಿತು.

ಎರಡನೆಯದು, ‘ಕಾಂಟ್ರಾಕ್ಟರ್ ತಗೊಂಡ’ ಎಂಬುದು ‘ಪಾವತಿಸಲಾಗಿದ್ದು’ ಆಯಿತು. ಮೊದಲು ದುಡ್ಡು ತೆಗೆದುಕೊಂಡವನು ಕಣ್ಣೆದುರು ಇದ್ದ. ಈಗ ಯಾರೋ ಕೊಟ್ಟಿದ್ದಾರೆ, ಯಾರೆಂದು ಗೊತ್ತಿಲ್ಲ. ಸುತ್ತೋಲೆಯ ಕನ್ನಡಕ್ಕೆ ‘ಲಾಗಿದೆ’ ಎಂಬ ರೂಪ ಬಹಳ ಪ್ರಿಯ. ಮಾಡಿದವರ ಹೆಸರು ಹೇಳದೆ ಕೆಲಸ ಆದದ್ದನ್ನು ಹೇಳಲು ಅದು ಅನುಕೂಲ. ದೂರಿನ ಪತ್ರಕ್ಕೆ ಬೇಕಾದದ್ದು ಇದರ ಉಲ್ಟಾ.

ಮೂರನೆಯದು ಬಹುವಚನ. ಗೌರವ ಸೇರಿಸಿದ ಕೂಡಲೇ ಎಲ್ಲರೂ ‘ಅವರು’ ಆಗುತ್ತಾರೆ. ‘ಗುತ್ತಿಗೆದಾರರು’ ಎಂದರೆ ಒಬ್ಬರಾ, ಇಬ್ಬರಾ, ಒಂದು ತಂಡವಾ? ಆಡುಮಾತಿನಲ್ಲಿ ಒಬ್ಬನೆಂದು ಸ್ಪಷ್ಟವಿತ್ತು. ಇಂಗ್ಲಿಷ್‌ನಲ್ಲಿ ಗೌರವ ಸೇರಿಸಿದರೆ ಎಣಿಕೆ ಬದಲಾಗುವುದಿಲ್ಲ. ಕನ್ನಡದಲ್ಲಿ ಗೌರವವೂ ಎಣಿಕೆಯೂ ಒಂದೇ ಪ್ರತ್ಯಯದಲ್ಲಿ ಕೂತಿವೆ. ಹಾಗಾಗಿ ಧಾಟಿಯೊಂದನ್ನೇ ಬದಲಿಸು ಎಂದರೂ ಅದರ ಜೊತೆ ಮಾಹಿತಿಯೂ ಅಲುಗಾಡುತ್ತದೆ.

ಇದರ ಹಿಮ್ಮುಖವೂ ಇದೆ. ಮೃದು ಮಾಡು ಎಂದರೆ ಯಂತ್ರ ಕ್ಷಮೆ ಸೇರಿಸುತ್ತದೆ. ‘ಆದ ತೊಂದರೆಗೆ ವಿಷಾದಿಸುತ್ತೇನೆ’, ‘ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಎಂಬ ವಾಕ್ಯಗಳು ತಾವಾಗಿಯೇ ಬಂದು ಕೂರಬಹುದು. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಲೆಕ್ಕ ತಪ್ಪಿದ ಬಗ್ಗೆ ನೌಕರನೊಬ್ಬ ವಿವರಣೆ ಬರೆಯುತ್ತಿದ್ದಾನೆ ಎಂದುಕೊಳ್ಳಿ. ತಾನು ಆ ಪಾಳಿಯಲ್ಲಿ ಇರಲೇ ಇಲ್ಲ ಎನ್ನುವುದು ಅವನ ಮಾತು. ಅದರ ಕೊನೆಗೆ ವಿಷಾದ ಸೇರಿದರೆ ತಪ್ಪೊಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ.

ಮುಂಬಯಿಯಲ್ಲಿ ಇದಕ್ಕೆ ಹೆಚ್ಚು ತೂಕ ಯಾಕೆ

2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿ ಎಂದವರು ಸುಮಾರು 10 ಲಕ್ಷ. ಗೋವಾದಲ್ಲಿ ಸುಮಾರು 68 ಸಾವಿರ. ಸೊಲ್ಲಾಪುರ, ಸಾಂಗ್ಲಿ ಕಡೆಯ ಗಡಿ ಊರುಗಳವರು ಬೇರೆ. ಮುಂಬಯಿ, ಠಾಣೆ, ಪುಣೆಯವರು ಬೇರೆ. ಇವರಲ್ಲಿ ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡಿ ಸಂಘದಲ್ಲಿ ಕನ್ನಡ ಬರೆಯುವವರೂ ಇದ್ದಾರೆ. ವಿಜಯಪುರ, ಕಲಬುರಗಿ ಕಡೆಯ ಕನ್ನಡದಲ್ಲೇ ಬೆಳೆದವರೂ ಇದ್ದಾರೆ. ಮಕ್ಕಳು ಹಲವು ಕಡೆ ಕನ್ನಡ ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ.

ಈ ಊರಿಗೆ ಬರೆಸಿಕೊಳ್ಳುವುದು ಹೊಸದಲ್ಲ. ಮುಂಬಯಿಯ ಪ್ರಧಾನ ಅಂಚೆ ಕಚೇರಿಯ (ಜಿಪಿಒ) ಹೊರಗೆ ಕಾಗದ ಬರೆದುಕೊಡುವವರು ದಶಕಗಳ ಕಾಲ ಕೂತಿದ್ದರು. ಊರು ಬಿಟ್ಟು ದುಡಿಯಲು ಬಂದವರು ಅವರ ಕೈಯಲ್ಲಿ ಮನೆಗೆ ಪತ್ರ ಬರೆಸುತ್ತಿದ್ದರು, ಮನಿಆರ್ಡರ್ ಫಾರಂ ತುಂಬಿಸುತ್ತಿದ್ದರು. ಎಐ ಈಗ ಆ ಜಾಗದಲ್ಲಿ ಕೂತಿದೆ ಎನ್ನಬಹುದು. ವ್ಯತ್ಯಾಸ ಇರುವುದು ಒಂದು ಕಡೆ. ಎದುರು ಕೂತ ಬರಹಗಾರನಿಗೆ ಅನುಮಾನ ಬಂದರೆ ಮತ್ತೆ ಕೇಳುತ್ತಿದ್ದ: ಯಾರಿಗೆ, ಎಷ್ಟು, ಯಾವಾಗ? ಎಐ ಹೆಚ್ಚಿನ ಸಲ ಕೇಳುವುದಿಲ್ಲ. ಗೊತ್ತಿಲ್ಲದ ಕಡೆ ಸರಿಹೊಂದುವ ಮಾತು ತುಂಬಿ ಮುಂದೆ ಹೋಗುತ್ತದೆ.

ಇನ್ನೊಂದು ಕಾರಣ ಮರಾಠಿ. 2024ರ ಅಕ್ಟೋಬರ್‌ನಲ್ಲಿ ಮರಾಠಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮರಾಠಿಯಲ್ಲೇ ವ್ಯವಹರಿಸಬೇಕು ಎಂದು ಆದೇಶಿಸಿತು. ಇಲ್ಲಿ ಹುಟ್ಟಿ ಬೆಳೆದ ಕನ್ನಡಿಗರಿಗೆ ಮರಾಠಿ ಮಾತು ನೀರು ಕುಡಿದಷ್ಟು ಸುಲಭ. ಆದರೆ ವಾರ್ಡ್ ಆಫೀಸಿಗೆ, ತಹಸೀಲ್ದಾರರಿಗೆ ಅರ್ಜಿ ಬರೆಯುವ ಮರಾಠಿ ಬೇರೆಯೇ. ಅಲ್ಲಿ ಎಐ ನಿಜಕ್ಕೂ ದೊಡ್ಡ ಸಹಾಯ. ಹೌಸಿಂಗ್ ಸೊಸೈಟಿಯ ನೀರಿನ ದೂರು, ರೇಷನ್ ಕಾರ್ಡಿನ ಹೆಸರು ತಿದ್ದುಪಡಿ, ಶಾಲೆ ಬಿಟ್ಟ ದಾಖಲೆಗೆ ಮನವಿ, ಇಂಥದ್ದಕ್ಕೆಲ್ಲ ಏಜೆಂಟರ ಹಿಂದೆ ಹೋಗಿ ದುಡ್ಡು ಸುರಿಯುವ ಬದಲು ಮನೆಯಲ್ಲೇ ಕೂತು ಬರೆಸಿಕೊಳ್ಳಬಹುದು. ಇದನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ.

ಇಲ್ಲಿನ ತೊಡಕು ಬೇರೆ ಥರದ್ದು. ಕನ್ನಡ ಪತ್ರ ಕೆಟ್ಟರೆ ಓದಿ ಹಿಡಿಯಬಹುದು. ಮರಾಠಿ ಅರ್ಜಿಯಲ್ಲಿ ಒತ್ತಾಯ ಎಲ್ಲಿ ವಿನಂತಿಯಾಯಿತು, ಹಕ್ಕು ಎಲ್ಲಿ ಬೇಡಿಕೆಯಾಯಿತು ಎಂಬುದು ಬರವಣಿಗೆಯ ಮರಾಠಿ ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಅದಕ್ಕೆ ಕಳಿಸುವ ಮೊದಲು ಆ ಅರ್ಜಿಯನ್ನು ಬೇರೊಂದು ಸಾಧನಕ್ಕೆ ಕೊಟ್ಟು, ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ನೋಡುವುದು ಒಳ್ಳೆಯದು. ಪಕ್ಕದ ಮನೆಯ ಮರಾಠಿ ಮೇಷ್ಟ್ರು ಓದಿದರೆ ಇನ್ನೂ ಒಳ್ಳೆಯದು.

ಪರ ಇರುವವರ ವಾದ

ಭಾಷೆ ಇಲ್ಲಿ ಯಾವತ್ತೂ ಬಾಗಿಲು ಕಾಯುವ ಕೆಲಸ ಮಾಡಿದೆ ಎನ್ನುತ್ತಾರೆ ಪರ ಇರುವವರು. ಒಳ್ಳೆಯ ಇಂಗ್ಲಿಷ್ ಬರೆದವರಿಗೆ ಕೆಲಸ, ಬರೆಯದವರಿಗೆ ಇಲ್ಲ. ಪುಸ್ತಕದ ಕನ್ನಡ ಬಲ್ಲವರ ವರದಿ ಪತ್ರಿಕೆಯಲ್ಲಿ ಬರುತ್ತದೆ, ಬಾರದವರದು ಬುಟ್ಟಿಗೆ. ಯಂತ್ರ ಆ ಬಾಗಿಲನ್ನು ತೆರೆಯಿತು.

ಇದಕ್ಕೆ ಗಟ್ಟಿ ಆಧಾರ ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ‘ಎಐ ಬರೆದದ್ದನ್ನು ಪತ್ತೆ ಮಾಡುತ್ತೇವೆ’ ಎನ್ನುವ 7 ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ತಾಯ್ನುಡಿ ಅಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿ ಶೇ. 61ರಷ್ಟನ್ನು ಸಾಧನಗಳು ಎಐ ಬರೆದದ್ದು ಎಂದವು. ಅದೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದ ಹದ ಮಾಡಿಸಿ ಮತ್ತೆ ಕೊಟ್ಟಾಗ ಈ ತಪ್ಪು ಸುಮಾರು ಶೇ. 12ಕ್ಕೆ ಇಳಿಯಿತು. ಅಂದರೆ ಸರಳ ಪದಗಳಲ್ಲಿ ಸ್ವಂತ ಬರೆದವರು ಸಿಕ್ಕಿಬಿದ್ದರು, ಯಂತ್ರದಿಂದ ತಿದ್ದಿಸಿದವರು ಪಾರಾದರು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತಾನೇ ತಂದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಹೀಗಿರುವಾಗ ಕಾಲೇಜಿನಲ್ಲಾಗಲಿ ಪತ್ರಿಕೆಯಲ್ಲಾಗಲಿ ಪತ್ತೆ ಸಾಧನ ನಂಬಿ ಯಾರನ್ನಾದರೂ ತಪ್ಪಿತಸ್ಥರು ಎನ್ನುವುದು ಸರಿಯಲ್ಲ. ಕನ್ನಡ ಬರಹಕ್ಕಂತೂ ಇವನ್ನು ನಂಬಲು ಯಾವ ಆಧಾರವೂ ಕಾಣುವುದಿಲ್ಲ.

ಎಚ್ಚರ ಹೇಳುವವರ ವಾದ

ಎಲ್ಲರ ಬರಹವೂ ಒಂದೇ ಬಣ್ಣಕ್ಕೆ ತಿರುಗುತ್ತದೆ ಎಂಬುದು ಇವರ ಭಯ. ಇದಕ್ಕೂ ಆಧಾರ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತ ಮತ್ತು ಅಮೆರಿಕದ 118 ಜನ ಇಂಗ್ಲಿಷ್‌ನಲ್ಲಿ ಸಣ್ಣ ಬರಹ ಬರೆದರು. ಇಷ್ಟದ ತಿಂಡಿ, ಇಷ್ಟದ ಹಬ್ಬ, ಇಂಥ ವಿಷಯಗಳು. ಅರ್ಧ ಜನರಿಗೆ ಎಐ ಸಲಹೆ ಕೊಡುತ್ತಿತ್ತು. ಭಾರತೀಯರಿಗೂ ಅದು ಪಿಜ್ಜಾ, ಕ್ರಿಸ್‌ಮಸ್ ಎಂದೇ ಸೂಚಿಸಿತು. ಸಲಹೆ ಬಳಸಿದ ಭಾರತೀಯರ ಬರಹ ಅಮೆರಿಕದವರ ಬರಹಕ್ಕೆ ಹತ್ತಿರವಾಯಿತು. ಸಲಹೆಗಳನ್ನು ಮತ್ತೆ ಮತ್ತೆ ತಿದ್ದಬೇಕಾದ್ದರಿಂದ ಭಾರತೀಯರಿಗೆ ಸಿಕ್ಕ ಲಾಭವೂ ಕಡಿಮೆಯೇ.

ಆ ಅಧ್ಯಯನ ಇಂಗ್ಲಿಷ್ ಬಗ್ಗೆ. ಕನ್ನಡದೊಳಗೂ ಅಂಥದ್ದೇ ಒಂದು ಸೆಳೆತ ಕೆಲಸ ಮಾಡುತ್ತದೆ ಎಂದು ಊಹಿಸಲು ಕಾರಣ ಮೇಲೆಯೇ ಇದೆ. ಯಂತ್ರಕ್ಕೆ ಹೆಚ್ಚು ಸಿಕ್ಕ ಕನ್ನಡ ಯಾವುದೋ, ಎಲ್ಲರ ಕನ್ನಡವನ್ನೂ ಅದರ ಕಡೆಗೇ ಎಳೆಯುತ್ತದೆ. ‘ಬರ್ರಿ’ ಎಂದು ಕರೆಯುವವರೂ ‘ಬನ್ನಿ ಮಾರಾಯ್ರೆ’ ಎಂದು ಕರೆಯುವವರೂ ಕೊನೆಗೆ ‘ತಾವು ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ’ ಎಂದೇ ಬರೆಯುತ್ತಾರೆ. ಆಮಂತ್ರಣದಲ್ಲಿ ಆ ಸಾಲು ಮೊದಲೂ ಇತ್ತು, ಯಂತ್ರ ಕಂಡುಹಿಡಿದದ್ದಲ್ಲ. ಆದರೆ ಮೊದಲು ಅದು ಆಮಂತ್ರಣದಲ್ಲಿ ಮಾತ್ರ ಇತ್ತು. ಈಗ ಶ್ರದ್ಧಾಂಜಲಿಗೂ, ಅಭಿನಂದನೆಗೂ, ಜಗಳದ ಪತ್ರಕ್ಕೂ ಅದೇ ಧಾಟಿ ಬರತೊಡಗಿದರೆ ಹೊರನಾಡಿನಲ್ಲಿ ಉಳಿದ ಕನ್ನಡದ ಬಗೆಗಳು ಇನ್ನಷ್ಟು ಬೇಗ ಮಾಯವಾಗುತ್ತವೆ. ತೀರಿಕೊಂಡ ಹಿರಿಯರ ಬಗ್ಗೆ ಬರೆಯುವಾಗ ಅವರು ಗಲ್ಲಾದಲ್ಲಿ ಕೂತು ಹೇಗೆ ಮಾತಾಡುತ್ತಿದ್ದರು, ಊರಿಂದ ಬಂದ ಹುಡುಗರಿಗೆ ಎಲ್ಲಿ ಜಾಗ ಮಾಡಿಕೊಟ್ಟರು ಎಂಬುದೇ ಬರಹದ ಜೀವ. ‘ಮೃತರು ಸರಳ ಸಜ್ಜನಿಕೆಯ ವ್ಯಕ್ತಿತ್ವ ಹೊಂದಿದ್ದರು’ ಎಂಬ ಸಾಲು ಯಾರಿಗೂ ಸಲ್ಲುತ್ತದೆ, ಹಾಗಾಗಿ ಯಾರನ್ನೂ ಹೇಳುವುದಿಲ್ಲ.

ಎರಡೂ ವಾದ ನಿಜ. ಆದರೆ ಅವು ಬೇರೆ ಬೇರೆ ಬರಹಗಳ ಬಗ್ಗೆ ಇವೆ. ಅರ್ಜಿ, ಉದ್ಯೋಗದ ಇಮೇಲ್, ಬ್ಯಾಂಕಿನ ಪತ್ರ, ಇವು ಎರವಲು ಧಾಟಿಯಲ್ಲೇ ನಡೆಯುವಂಥವು. ಅಲ್ಲಿ ಯಂತ್ರ ಬಳಸುವುದರಲ್ಲಿ ಕಳೆದುಕೊಳ್ಳುವುದು ಕಡಿಮೆ, ವಿಷಯ ಜಾರದಂತೆ ನೋಡಿಕೊಂಡರೆ ಸಾಕು. ಮನುಷ್ಯರ ಬಗ್ಗೆ ಬರೆಯುವ ಕನ್ನಡಕ್ಕೆ, ಸಂಘದೊಳಗಿನ ಭಿನ್ನಾಭಿಪ್ರಾಯಕ್ಕೆ, ನೆನಪಿನ ಬರಹಕ್ಕೆ ಅದನ್ನು ಬಳಸಿದರೆ ಕಳೆದುಕೊಳ್ಳುವುದೇ ಜಾಸ್ತಿ. ಕಾಗುಣಿತ ತಿದ್ದಿಸಿ, ಸಾಕು.

ಪತ್ರದಲ್ಲಿರುವ ಇನ್ನೊಬ್ಬರ ವಿಷಯ

ಇದನ್ನು ಬೇಗ ಹೇಳಿಬಿಡಬಹುದು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಚೊಕ್ಕ ಮಾಡಿಸಲು ಮಕ್ಕಳ ಹೆಸರು, ಮನೆಯ ಆದಾಯ, ಆಧಾರ್ ಸಂಖ್ಯೆ ಸಮೇತ ಉಚಿತ ಆ್ಯಪಿಗೆ ಹಾಕುವುದು ಸಲ್ಲದು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ಸಿಬ್ಬಂದಿಗೆ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬೇಡಿ ಎಂದದ್ದು ಗುಟ್ಟು ಹೊರಹೋಗುವ ಭಯಕ್ಕೇ. ಸಂಘದ ಕಚೇರಿಗೂ ಅಷ್ಟೇ ಜಾಗ್ರತೆ ಬೇಕು. ಹೆಸರಿನ ಜಾಗದಲ್ಲಿ ‘ಅರ್ಜಿದಾರ 1’ ಎಂದು ಹಾಕಿ, ತಿದ್ದುಪಡಿ ಆದ ಮೇಲೆ ಹೆಸರು ತುಂಬಬಹುದು.

ಮುಂದೆ ಏನಾಗಬಹುದು

ಮುಂಬಯಿಯ ಕನ್ನಡ ಪತ್ರಿಕಾ ಪುಟಗಳ ದೊಡ್ಡ ಪಾಲು ಸಂಘ ಸಂಸ್ಥೆಗಳು ಕಳಿಸುವ ವರದಿಗಳಿಂದ ತುಂಬುತ್ತದೆ. ಆ ವರದಿಗಳು ಎಐ ಧಾಟಿಯಲ್ಲಿ ಬಂದರೆ ಪತ್ರಿಕೆಯೂ ಅದೇ ಧಾಟಿಯಲ್ಲಿ ಬರುತ್ತದೆ. ಪತ್ರಿಕೆಯ ಬರಹ ಅಂತರ್ಜಾಲಕ್ಕೆ ಹೋಗುತ್ತದೆ. ನಾಳಿನ ಮಾದರಿಗಳು ಜಾಲದಿಂದಲೇ ಕಲಿಯುತ್ತವೆ. ಹೀಗೆ ಯಂತ್ರ ತನ್ನ ಕನ್ನಡವನ್ನೇ ತಾನು ಓದಿ, ಅದೇ ಸರಿ ಎಂದು ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತದೆ. ಈ ಸುತ್ತಿಗೆ ತಡೆ ಹಾಕುವ ಜಾಗ ಸಂಪಾದಕರ ಮೇಜು. ‘ಎಐ ಬಳಸಬೇಡಿ’ ಎಂದು ಹೇಳಿ ಪ್ರಯೋಜನ ಇಲ್ಲ, ಪತ್ತೆ ಮಾಡಲು ಆಗುವುದಿಲ್ಲ. ‘ನೀವು ಮೊದಲು ಬರೆದದ್ದನ್ನೂ ಜೊತೆಗೆ ಕಳಿಸಿ’ ಎಂದು ಕೇಳಬಹುದು. ಅದರಿಂದ ವರದಿಯ ನಿಜಾಂಶಗಳೂ ತಾಳೆಯಾಗುತ್ತವೆ, ಊರ ಕನ್ನಡದ ಒಂದೆರಡು ಸಾಲೂ ಪುಟಕ್ಕೆ ಬರುತ್ತವೆ.

ಬಳಸುವವರ ಕೈಯಲ್ಲೂ ಒಂದಷ್ಟು ಇದೆ. ‘ಔಪಚಾರಿಕ ಮಾಡು’ ಎಂಬ ಒಂದು ಮಾತಿಗೆ ಯಂತ್ರ ತನಗೆ ಗೊತ್ತಿದ್ದ ಸುತ್ತೋಲೆ ಕೊಡುತ್ತದೆ. ‘ಅಂಕಿ, ತಾರೀಕು, ಹೆಸರು ಬದಲಿಸಬೇಡ. ನಾನು ಕೇಳಿದ್ದೇನೆ ಎಂದಿರುವಲ್ಲಿ ಹಾಗೇ ಇರಲಿ. ಕೊನೆಯ ದಿನ ಬಿಡಬೇಡ. ಕ್ಷಮೆ ಸೇರಿಸಬೇಡ. ಲಾಗಿದೆ ಎಂಬ ರೂಪ ಬೇಡ’ ಎಂದರೆ ಬಹಳಷ್ಟು ಉಳಿಯುತ್ತದೆ. ತಾನೇ ಮೊದಲು ಬರೆದ ಎರಡು ಹಳೆಯ ಪತ್ರಗಳನ್ನು ಮಾದರಿಯಾಗಿ ಕೊಟ್ಟರೆ ಧಾಟಿಯೂ ಹತ್ತಿರ ಬರುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಬೇರೆ ಇದೆ, ಮತ್ತು ಅದು ಸಂಸ್ಥೆಗಳ ಕೆಲಸ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಪುಣೆಯ ಕನ್ನಡ ಸಂಘ, ಇವೆಲ್ಲ ಇರುವ ಈ ಭಾಗದಲ್ಲಿ ಅಚ್ಚಾದ ಕನ್ನಡ ಕಡಿಮೆ ಇಲ್ಲ. ಸ್ಮರಣ ಸಂಚಿಕೆಗಳು, ಸಂಘದ ಮಾಸಪತ್ರಿಕೆಗಳು, ಹೋಟೆಲು ಮತ್ತು ಗಿರಣಿಯ ಬದುಕಿನ ಕಥೆಗಳು, ಓದುಗರ ಪತ್ರಗಳು ರಾಶಿಯಾಗಿವೆ. ಆದರೆ ಹಳೆಯವು ಕಾಗದದಲ್ಲೇ ಇವೆ. ಕಂಪ್ಯೂಟರ್ ಬಂದ ಮೇಲಿನವೂ ಎಷ್ಟೋ ‘ನುಡಿ’, ‘ಬರಹ’, ‘ಶ್ರೀಲಿಪಿ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತಕ್ಕೆ ಯೂನಿಕೋಡ್ ಎನ್ನುತ್ತಾರೆ. ಯೂನಿಕೋಡ್ ಅಲ್ಲದ ಆ ಫೈಲುಗಳು ಯಂತ್ರಕ್ಕೆ ಕನ್ನಡವಾಗಿ ಕಾಣುವುದೇ ಇಲ್ಲ, ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತವೆ. ಪಿಡಿಎಫ್‌ನಲ್ಲಿ ಚಿತ್ರವಾಗಿ ಇಟ್ಟವನ್ನು ಅಕ್ಷರಕ್ಕೆ ತರುವವರೆಗೆ ಅವುಗಳಿಂದಲೂ ಅದು ಕಲಿಯುವುದಿಲ್ಲ.

ಇವನ್ನು ಯೂನಿಕೋಡಿಗೆ ತರುವ ಕೆಲಸಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಹಳೆಯ ಫಾಂಟಿನಿಂದ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬೇಕಾದದ್ದು ಲೇಖಕರ ಅನುಮತಿ, ಕನ್ನಡ ಓದಬಲ್ಲ ಕೆಲವರ ಸಮಯ, ಮತ್ತು ಫೈಲುಗಳಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರೊಳಗೆ ಏನಿದೆ ಎಂದು ನೋಡುವ ಒಬ್ಬ ಪದಾಧಿಕಾರಿ.